ಕೆಂಪವ್ವನ ಎರಡು ಕೂಸುಗಳು

ಕೆಂಪವ್ವ ಸತ್ತು ನಾಲ್ಕು ತಿಂಗಳಾದ ಮೇಲೆ, ಅವಳ ಎರಡು ಕೂಸುಗಳಿಗೆ ಸೂಜಿ ಹಾಕಿಸಬೇಕು, ಕರೆದುಕೊಂಡು ಬಾ ಎಂದು ಅವಳ ತಾಯಿಗೇ ಹೇಳಿ ಕಳಿಸಿದರು.

ಹೇಳಿದ್ದು ಡಾಕ್ಟರಲ್ಲ, ನರ್ಸೂ ಅಲ್ಲ. ಕಂಪ್ಯೂಟರು. ಮಾಳಹಟ್ಟಿಯ ಸರಕಾರಿ ದವಾಖಾನೆಗೆ ಅದು ಬಂದು ಒಂದು ವರ್ಷವಾಗಿತ್ತು. ತಿಂಗಳಿಗೊಮ್ಮೆ ಕರಕರ ಸದ್ದು ಮಾಡುತ್ತ, ಎರಡೂ ಅಂಚಿಗೆ ತೂತುಗಳಿದ್ದ ಉದ್ದನೆಯ ಕಾಗದ ಹೊರಗೆ ಹಾಕುತ್ತಿತ್ತು. ಯಾವ ಬಸುರಿ ಎಂದು ಬರಬೇಕು, ಯಾವ ಕೂಸಿಗೆ ಯಾವ ಸೂಜಿ, ಎಲ್ಲ ಅದರಲ್ಲಿ. ಅದರ ಮುಂದೆ ಕೂಡುವ ಶುಭಾಂಗಿ ಹೆಸರು ಓದುತ್ತಿದ್ದಳು. ಕಸ ಹೊಡೆಯುವ ಉದ್ದವ್ವ ಬಾಗಿಲ ಹೊರಗೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಆಮೇಲೆ ಮನೆಮನೆಗೆ ಹೋಗಿ ಕರೆಯುವುದು ಉದ್ದವ್ವನ ಕೆಲಸ.

ಉದ್ದವ್ವನಿಗೆ ಅಕ್ಷರ ಬರುವುದಿಲ್ಲ. ಹೆಸರುಗಳನ್ನು ಬೆರಳ ಗೆಣ್ಣುಗಳ ಮೇಲೆ ಇಡುತ್ತಾಳೆ. ಹೆಬ್ಬೆರಳು ಬಿಟ್ಟು ನಾಲ್ಕು ಬೆರಳು, ಬೆರಳಿಗೆ ಮೂರು ಗೆಣ್ಣು, ಒಂದು ಕೈಗೆ ಹನ್ನೆರಡು ಹೆಸರು. ಕಿರುಬೆರಳಿನಿಂದ ಶುರು ಮಾಡಿ ಹೆಬ್ಬೆರಳಲ್ಲಿ ಒಂದೊಂದು ಗೆಣ್ಣನ್ನೇ ಒತ್ತುತ್ತ ಹೋಗುತ್ತಾಳೆ. ಹತ್ತೊಂಬತ್ತು ವರ್ಷದಲ್ಲಿ ಒಂದು ಹೆಸರೂ ಕೆಳಗೆ ಬಿದ್ದಿಲ್ಲ.

ಅವತ್ತು ಎಂಟು ಹೆಸರಾಗಿತ್ತು. ಶುಭಾಂಗಿ ಒಂಬತ್ತನೆಯದು ಓದಿದಳು. ಕೆಂಪವ್ವ, ಗಂಡ ಶಿದ್ರಾಮ, ಹೆಣ್ಣು ಕೂಸು, ಮೂರನೇ ಸೂಜಿ.

ಉದ್ದವ್ವ ಗೆಣ್ಣು ಒತ್ತಿದಳು. ಹೆಬ್ಬೆರಳು ಅಲ್ಲೇ ನಿಂತಿತು. ಶುಭಾಂಗಿ ಮುಂದಕ್ಕೆ ಓದುತ್ತ ಹೋದಳು. ಹೆರಿಗೆಗೆಂದು ಈ ಊರಿಗೆ ಬಂದವರ ಹೆಸರು ಹುಕ್ಕೇರಿ ಕಡೆಯ ಇನ್ನೊಂದು ದವಾಖಾನೆಯ ಪಟ್ಟಿಯಿಂದಲೂ ಬರುತ್ತಿತ್ತು. ಆ ಪಟ್ಟಿಯ ಎರಡನೇ ಹೆಸರು: ಕೆಂಪವ್ವ, ಗಂಡ ಶಿದ್ರಾಮ, ಗಂಡು ಕೂಸು, ಮೂರನೇ ಸೂಜಿ.

"ಇನ್ನೊಮ್ಮೆ ಓದ್ರಿ ಅಕ್ಕಾರ," ಎಂದಳು ಉದ್ದವ್ವ.

ಶುಭಾಂಗಿ ಓದಿದಳು. ಉದ್ದವ್ವ ಮತ್ತೊಮ್ಮೆ ಓದಿಸಿದಳು. ಮೂರನೇ ಸಲ ಓದುವಾಗ ಶುಭಾಂಗಿಗೆ ಏನೋ ಅನ್ನಿಸಿ ತಲೆ ಎತ್ತಿ ನೋಡಿದಳು. ಅವಳು ಗೋಕಾಕದ ಅಂಗಡಿಕಾರರ ಮನೆಯ ಹುಡುಗಿ. ಮೂರು ದಿನ ಇಲ್ಲಿ, ಮೂರು ದಿನ ಹುಕ್ಕೇರಿ ಕಡೆಯ ದವಾಖಾನೆಯಲ್ಲಿ, ಬಸ್ಸಿನಲ್ಲಿ ಓಡಾಡಿ ದುಡಿಯುವ ಕಂತ್ರಾಟಿನ ಕೆಲಸ. ಉದ್ದವ್ವನ ಮಗಳು ಹೆರಿಗೆಯಲ್ಲಿ ಹೋದಳು ಎನ್ನುವುದು ಅವಳಿಗೆ ಗೊತ್ತಿತ್ತು. ಹೆಸರು ಕೇಳಿರಲಿಲ್ಲ. ಕಸ ಹೊಡೆಯುವವಳ ಮಗಳ ಹೆಸರು ಯಾರು ಕೇಳುತ್ತಾರೆ?

"ಮಾವಶಿ, ಈ ಕೆಂಪವ್ವ..." ಎಂದು ತಡೆದಳು.

"ನನ್ನ ಮಗಳು," ಎಂದಳು ಉದ್ದವ್ವ. ಆಮೇಲೆ ಹೋಗಿ ಬಕೆಟ್ ತುಂಬಿಸಿಕೊಂಡು ಬಂದು ವರಾಂಡ ಒರೆಸಿದಳು. ಅಳು ಬರಲಿಲ್ಲ. ನಾಲ್ಕು ತಿಂಗಳಿಂದ ಬಂದಿರಲಿಲ್ಲ.

ಕಂಪ್ಯೂಟರು ಬಂದಾಗ ಅದಕ್ಕೆ ಸೋರದ ಕೋಣೆ ಬೇಕೆಂದರು. ದವಾಖಾನೆಯಲ್ಲಿ ಸೋರದೇ ಇದ್ದದ್ದು ಹೆರಿಗೆ ಕೋಣೆ ಒಂದೇ. ಹೆರಿಗೆಯ ಮಂಚವನ್ನು ಹಿಂದಿನ ಸಾಮಾನು ಕೋಣೆಗೆ ದಬ್ಬಿದರು. ದಬ್ಬಿದ್ದೂ ಉದ್ದವ್ವನೇ. ಕಂಪ್ಯೂಟರಿಗೆ ಧೂಳು ಆಗದಂತೆ, ದಿನಕ್ಕೆ ಎರಡು ಸಲ ಚಪ್ಪಲಿ ಬಿಟ್ಟು ಒಳಗೆ ಹೋಗಿ ಫಿನೈಲು ಹಾಕಿ ನೆಲ ಒರೆಸಬೇಕು. ನೆಲ ಮುಟ್ಟಬಹುದು, ಅದರ ಮೇಲೆ ಹೊದಿಸಿದ ಬಟ್ಟೆ ಮುಟ್ಟುವಂತಿಲ್ಲ. ಊರ ಹೊರಗಿನ ಕೇರಿಯ ಉದ್ದವ್ವನಿಗೆ ಇದು ಹೊಸದೇನಲ್ಲ. ಊರಿನ ಅರ್ಧ ಕೂಸುಗಳನ್ನು ಅವಳ ಕೈ ಹೊರಗೆ ಎಳೆದಿದೆ. ಡಾಕ್ಟರರು ಗೋಕಾಕದಲ್ಲಿ ಇರುತ್ತಾರೆ, ನರ್ಸಿಗೆ ಮೂರು ಹಳ್ಳಿ ತಿರುಗುವುದಿದೆ, ನೋವು ಯಾರಿಗೂ ಕಾಯುವುದಿಲ್ಲ. ಹೊಕ್ಕಳ ಬಳ್ಳಿ ಕತ್ತರಿಸಿ, ಮಾಸು ಹೂತು, ರಕ್ತದ ಅರಿವೆ ಹಳ್ಳಕ್ಕೆ ಒಯ್ದು ಒಗೆಯುತ್ತಾಳೆ. ಹನ್ನೆರಡನೇ ದಿನ ಕೂಸಿಗೆ ನೀರು ಹಾಕಿ ಶುದ್ಧ ಮಾಡಿದ ಮೇಲೆ ಅದೇ ಕೂಸನ್ನು ಅವಳು ಎತ್ತುವ ಹಾಗಿಲ್ಲ. ಹುಟ್ಟುವಾಗ ಬೇಕಾದ ಕೈ, ಹುಟ್ಟಿದ ಮೇಲೆ ಮೈಲಿಗೆ. ಹೆರಿಗೆ ಮಾಡಿಸಿದವರು ಯಾರು ಎನ್ನುವ ಜಾಗದಲ್ಲಿ ಕಂಪ್ಯೂಟರು ಯಾವಾಗಲೂ ಡಾಕ್ಟರರ ಹೆಸರನ್ನೇ ತೋರಿಸುತ್ತದೆ.

ಕೆಂಪವ್ವನ ಹೆರಿಗೆಯೂ ಆ ಸಾಮಾನು ಕೋಣೆಯಲ್ಲೇ ಆಯಿತು. ಮಧ್ಯಾಹ್ನ. ಚೊಚ್ಚಲು. ಕೂಸು ಕಾಲು ಮುಂದಾಗಿ ಬಂತು, ಗಂಡು, ಉಸಿರಿರಲಿಲ್ಲ. ಆಮೇಲೆ ರಕ್ತ ನಿಲ್ಲಲಿಲ್ಲ. ದವಾಖಾನೆಯ ಜೀಪು ಕಂಪ್ಯೂಟರಿನ ಬ್ಯಾಟರಿ ತರಲು ಗೋಕಾಕಕ್ಕೆ ಹೋಗಿತ್ತು. ಒಂದು ತಾಸಿನ ಮೇಲೆ ಮೆಣಸಿನಕಾಯಿ ಹೇರುವ ಟೆಂಪೋ ಸಿಕ್ಕಿತು. ಗೋಕಾಕ ಇನ್ನೂ ದೂರವಿರುವಾಗಲೇ ಕೆಂಪವ್ವನ ಕಾಲು ತಣ್ಣಗಾದವು. ಉದ್ದವ್ವ ಅವನ್ನು ತಿಕ್ಕುತ್ತಲೇ ಇದ್ದಳು. ದೊಡ್ಡ ದವಾಖಾನೆಯವರು ಬಾಗಿಲಲ್ಲೇ ನೋಡಿ, ಇಲ್ಲಿ ಸತ್ತಿಲ್ಲ, ನಿಮ್ಮೂರಲ್ಲಿ ಬರೆಸಿರಿ ಎಂದರು. ಮಾಳಹಟ್ಟಿಯಲ್ಲಿ, ಇಲ್ಲಿಂದ ಹೋಗುವಾಗ ಜೀವ ಇತ್ತಲ್ಲ, ಇಲ್ಲಿ ಹ್ಯಾಗೆ ಬರೆಯುವುದು ಎಂದರು. ಟೆಂಪೋದವನು, ಗಾಡಿ ತೊಳೆದು ಕೊಡು ಎಂದ. ತೊಳೆದಳು. ನಾಲ್ಕನೇ ದಿನ ಕೆಲಸಕ್ಕೆ ಬಂದಳು. ಬಂದವಳಿಗೆ ಮೊದಲು ಹೇಳಿದ್ದು ಕಂಪ್ಯೂಟರಿನ ಕೋಣೆ ನಾಲ್ಕು ದಿನದಿಂದ ಒರೆಸಿಲ್ಲ ಎಂದು.

ಸತ್ತವಳು ಎರಡು ಸಲ ಹೆತ್ತಿದ್ದು ಹೇಗೆ ಎನ್ನುವುದನ್ನು ಮರುದಿನ ಶುಭಾಂಗಿ ಹೇಳಿದಳು. ಬಾಗಿಲು ಹಾಕಿಕೊಂಡು ಹೇಳಿದಳು. ಕೆಂಪವ್ವನಿಗೆ ಮೂರು ತಿಂಗಳಾಗಿದ್ದಾಗ ಗಂಡನ ಊರಿನ, ಆ ಹುಕ್ಕೇರಿ ಕಡೆಯ ದವಾಖಾನೆಯಲ್ಲಿ ಹೆಸರು ಬರೆದರು. ಏಳರಲ್ಲಿ ಸೀಮಂತದ ಕುಬಸ ಮಾಡಿ ಉದ್ದವ್ವ ಮಗಳನ್ನು ತವರಿಗೆ ಕರೆತಂದಳು, ಇಲ್ಲೂ ಬರೆದರು. ಚೊಚ್ಚಲು ತವರಲ್ಲಿ ಎನ್ನುವುದು ಇಲ್ಲಿಯ ಕತ್ತೆಗೂ ಗೊತ್ತಿರುವ ಮಾತು. ಡೆಲ್ಲಿಯಲ್ಲಿ ಆ ಕಂಪ್ಯೂಟರಿಗೆ ಬುದ್ಧಿ ತುಂಬಿದವರಿಗೆ ಗೊತ್ತಿರಲಿಲ್ಲ. ಅದರ ಪಾಲಿಗೆ ಕೆಂಪವ್ವ ಇಬ್ಬರಾದಳು. ದಿನ ತುಂಬಿತು, ಹೆರಿಗೆಯ ಸುದ್ದಿ ಎರಡೂ ಕಡೆ ಬರಲಿಲ್ಲ. ಹೆಸರಿನ ಮುಂದೆ ಖಾಲಿ ಉಳಿದರೆ ಕಂಪ್ಯೂಟರು ಕೆಂಪು ಬಣ್ಣ ತೋರಿಸುತ್ತದೆ. ಕೆಂಪು ಹೆಚ್ಚಾದರೆ ಮೇಲಿನಿಂದ ಡಾಕ್ಟರರಿಗೆ ಫೋನು ಬರುತ್ತದೆ. ಎಲ್ಲ ತುಂಬಿಬಿಡು, ಒಂದೂ ಕೆಂಪು ಇರಬಾರದು ಎಂದು ಡಾಕ್ಟರರು ಹೇಳಿದರು. ಶುಭಾಂಗಿ ತುಂಬಿದಳು. ಒಂದು ಗಂಡು, ಒಂದು ಹೆಣ್ಣು, ಒಂದು ಗಂಡು, ಒಂದು ಹೆಣ್ಣು. ತೂಕ ಎಲ್ಲಕ್ಕೂ ಎರಡೂವರೆ ಕಿಲೋ. ತಾಯಿ ಮಗು ಕ್ಷೇಮ.

"ನಂದ ತಪ್ಪು ಮಾವಶಿ. ಆದ್ರ ಒಮ್ಮೆ ತುಂಬಿದ ಮ್ಯಾಲೆ ತಗಿಯಾಕ ಬರೂದಿಲ್ಲ. ಹೆರಿಗಿ ಆಗೇತಿ ಅಂದ್ರ ಆಗೇತಿ. ಸತ್ತಾಳ ಅಂತ ಒತ್ತಾಕ ಅದರಾಗ ಜಾಗಾನ ಇಟ್ಟಿಲ್ಲ."

ಉದ್ದವ್ವ ಕೇಳಿಸಿಕೊಂಡಳು. ಸಾಯುವುದಕ್ಕೆ ಜಾಗ ಇಡದೆ ದವಾಖಾನೆಯ ಲೆಕ್ಕ ಮಾಡಿದ ಪುಣ್ಯಾತ್ಮರು ಯಾರು ಎಂದು ಬೇರೆಯವರಾದರೆ ಕೇಳುತ್ತಿದ್ದರು. ಅವಳು ಕೇಳಲಿಲ್ಲ. ಒಂದೇ ಮಾತು ಆಡಿದಳು: "ನನ್ನ ಮಗಳು ಸತ್ತಾಳ ಅಂತ ಎಲ್ಲೂ ಬರದಿಲ್ಲೇನು?"

"ಎಲ್ಲೂ ಇಲ್ಲ," ಎಂದಳು ಶುಭಾಂಗಿ.

ಒಂದು ವಾರಕ್ಕೆ ಡಾಕ್ಟರರು ಉದ್ದವ್ವನನ್ನು ಒಳಗೆ ಕರೆದರು. ಮೇಜಿನ ಈಚೆ ನಿಲ್ಲಿಸಿ ಸಾವಕಾಶ ಮಾತಾಡಿದರು. ಡೆಲ್ಲಿಯವರು ಗೋಕಾಕಕ್ಕೆ ಬರುತ್ತಿದ್ದಾರೆ. ಇಡೀ ದೇಶದ ಸರಕಾರಿ ದವಾಖಾನೆಗಳಿಗೆ ಕಂಪ್ಯೂಟರು ಹೇಗೆ ಹಾಕಬೇಕು ಎಂದು ನೀತಿ ಬರೆಯುವವರು. ಅದಕ್ಕೆ ಮೊದಲು ನಮ್ಮ ಎರಡು ದವಾಖಾನೆಯಲ್ಲಿ ನಡೆದದ್ದನ್ನು ನೋಡುತ್ತಾರೆ. ಪಟ್ಟಿಯಿಂದ ಹತ್ತು ತಾಯಂದಿರನ್ನು ಅವರೇ ಆರಿಸಿ ಗೀಟು ಹಾಕಿದ್ದಾರೆ, ಕಣ್ಣಿಂದ ನೋಡಬೇಕಂತೆ. ಹತ್ತನೆಯವಳು ಕೆಂಪವ್ವ. ಹೆಣ್ಣು ಕೂಸಿನ ಕೆಂಪವ್ವ.

ಡಾಕ್ಟರರು ಕೆಟ್ಟ ಮನುಷ್ಯ ಎನ್ನುವ ಹಾಗಿಲ್ಲ. ಬೈದವರಲ್ಲ, ಹೊಡೆದವರಲ್ಲ. ಅಂಥವರ ಬಾಯಿಂದ ಬಂದ ಮಾತೇ ಇದು: "ನೋಡ ಉದ್ದವ್ವಾ, ಆದದ್ದು ಆಗಿ ಹೋತು. ಒಂದು ಕೂಸು ತೊಡಿ ಮ್ಯಾಲೆ ಹಾಕ್ಕೊಂಡು ಕೂಡು. ಮಗಳು ಹೊಲಕ್ಕ ಹೋಗ್ಯಾಳ, ನಾ ಕೂಸಿನ ಅಜ್ಜಿ ಅನ್ನು. ಅಷ್ಟ ಸಾಕು. ನಿನ್ನ ಕಾಯಂ ಮಾಡೂ ಫೈಲು ನನ್ನ ಟೇಬಲ್ ಮ್ಯಾಲ ಐತಿ."

ಕಾಯಂ. ಹತ್ತೊಂಬತ್ತು ವರ್ಷ ದಿನಗೂಲಿಯ ಹಾಜರಿಗೆ ಹೆಬ್ಬೆಟ್ಟು ಒತ್ತಿದವಳ ಕಿವಿಗೆ ಆ ಮಾತು ಬಿತ್ತು. ಆರು ಸಲ ಅರ್ಜಿ ಕೊಟ್ಟಿದ್ದಳು. ಕಳೆದ ಸಲ ಅರ್ಜಿ ಬರೆದುಕೊಟ್ಟವಳು ಕೆಂಪವ್ವ. ಏಳನೇ ಇಯತ್ತೆಯವರೆಗೆ ಸಾಲಿ ಕಲಿತ ಹುಡುಗಿ, ದುಂಡಗೆ ಬರೆಯುತ್ತಿದ್ದಳು.

"ಹೂಂ ರಿ," ಎಂದಳು ಉದ್ದವ್ವ.

ಯಾಕೆ ಹೂಂ ಎಂದಳು ಎಂದು ಕೇಳುವವರು, ಆ ಮೇಜಿನ ಈಚೆ ಹತ್ತೊಂಬತ್ತು ವರ್ಷ ನಿಂತು ನೋಡಬೇಕು. ನಾಲಿಗೆಗೆ ಬೇರೆ ಮಾತು ಗೊತ್ತಿರುವುದಿಲ್ಲ. ಉಪ್ಪು ತಿಂದವರು ನೀರು ಕುಡಿಯಬೇಕು ಅನ್ನುತ್ತಾರೆ. ಇಲ್ಲಿ ತಿಂದವರು ಒಬ್ಬರು, ನೀರು ಕುಡಿಯಬೇಕಾದವಳು ಇನ್ನೊಬ್ಬಳು.

ಕೂಸು ಕುರುಬರ ಮನೆಯಿಂದ ಬಂತು. ಖಂಡೆಪ್ಪನ ಹಿರೇ ಸೊಸೆ ವಿಜಯಲಕ್ಷ್ಮಿಗೆ ನಾಲ್ಕು ತಿಂಗಳ ಹೆಣ್ಣು ಕೂಸಿತ್ತು. ಅದನ್ನೂ ಎಳೆದು ಹಾಕಿದ್ದು ಉದ್ದವ್ವನೇ, ಅದೇ ಸಾಮಾನು ಕೋಣೆಯಲ್ಲಿ, ಕೆಂಪವ್ವನಿಗಿಂತ ಆರು ದಿನ ಮೊದಲು. ಡಾಕ್ಟರರು ಹೇಳಿ ಕಳಿಸಿದ ಮೇಲೆ ಅತ್ತೆ ಮಾಯವ್ವ ಇಲ್ಲ ಎನ್ನಲಾರದೆ ಒಪ್ಪಿದಳು. ಮೊಲೆ ಕುಡಿಯುವ ಕೂಸು, ತಾಯಿಯೂ ಜೀಪಿನಲ್ಲಿ ಬರಲಿ ಎಂದಾಯಿತು. ಹೊರಡುವ ಮುಂಚೆ ಮಾಯವ್ವ ಕರಿ ಕಂಬಳಿಯ ತುಂಡು ತಂದು ಕೂಸಿಗೆ ಸುತ್ತಿದಳು. ಉಣ್ಣೆಗೆ ಮೈಲಿಗೆ ತಟ್ಟುವುದಿಲ್ಲ. ಕಂಬಳಿ ನಡುವೆ ಇದ್ದರೆ ಯಾರು ಎತ್ತಿಕೊಂಡರೂ ನಡೆಯುತ್ತದೆ.

"ಕಂಬಳಿ ಸರೀದಂಗ ಹಿಡೀಬೇಕ ನೋಡವಾ," ಎಂದಳು ಮಾಯವ್ವ. ಹೊರಡುವ ಹೊತ್ತಿಗೇ ಬಿಸಿಲು. ಕೂಸಿನ ಕುತ್ತಿಗೆಯಲ್ಲಿ ಆಗಲೇ ಬೆವರಿತ್ತು.

ಗೋಕಾಕದ ಸಭೆಯ ಕೋಣೆಯಲ್ಲಿ ಗೋಡೆಗೆ ಬಿಳಿ ಪರದೆ ಬಿಟ್ಟಿದ್ದರು. ಪರದೆಯ ಮುಂದೆ ಹತ್ತು ಖುರ್ಚಿ. ಒಂದೊಂದಕ್ಕೂ ಹೆಸರಿನ ಚೀಟಿ ಅಂಟಿಸಿದ್ದರು. ಒಂಬತ್ತರಲ್ಲಿ ಒಂಬತ್ತು ತಾಯಂದಿರು ಕೂಸು ಹಿಡಿದು ಕೂತರು. ಹತ್ತನೆಯದರಲ್ಲಿ ಉದ್ದವ್ವ. ಅಧಿಕಾರಿಗಳ ಎದುರು ಖುರ್ಚಿಯಲ್ಲಿ ಕೂತದ್ದು ಅದೇ ಮೊದಲು. ಬೆನ್ನು ಒರಗಿಸಲು ಧೈರ್ಯವಾಗದೆ ತುದಿಯಲ್ಲಿ ಕೂತಳು. ವಿಜಯಲಕ್ಷ್ಮಿಯನ್ನು ಹಿಂದಿನ ಸಾಲಿಗೆ ಕಳಿಸಿದ್ದರು. ಶುಭಾಂಗಿ ಬಾಜೂಕ್ಕೆ ಕಂಪ್ಯೂಟರಿನ ಮುಂದೆ ಇದ್ದಳು, ಈಚೆ ನೋಡುತ್ತಿರಲಿಲ್ಲ.

ಡೆಲ್ಲಿಯಿಂದ ಬಂದವಳು ನೂಲಿನ ಸೀರೆಯುಟ್ಟ, ನರೆತ ಕೂದಲಿನ ಹೆಂಗಸು. ಹಿಂದಿಯಲ್ಲಿ ಕೇಳುತ್ತಿದ್ದಳು. ಜಿಲ್ಲೆಯ ಸಾಹೇಬರೊಬ್ಬರು ಕನ್ನಡದಲ್ಲಿ ಹೇಳುತ್ತಿದ್ದರು. ಒಬ್ಬೊಬ್ಬಳ ಹೆಸರು ಕೂಗಿದಾಗಲೂ ಪರದೆಯ ಮೇಲೆ ಅಕ್ಷರ ಮೂಡುತ್ತಿತ್ತು, ಜನ ತಲೆ ಆಡಿಸುತ್ತಿದ್ದರು. ಮಾಳಹಟ್ಟಿ, ಮೂರು ವರ್ಷದಲ್ಲಿ ತಾಯಿ ಮರಣ ಸೊನ್ನೆ, ಕೂಸು ಮರಣ ಸೊನ್ನೆ ಎಂದು ಸಾಹೇಬರು ಓದಿದರು. ಕಂಪ್ಯೂಟರು ಬರುವ ಮೊದಲಿನ ರಿಜಿಸ್ಟರುಗಳನ್ನೂ ಶುಭಾಂಗಿಯೇ ಅದರೊಳಗೆ ಹಾಗೇ ತುಂಬಿದ್ದಳು, ಡಾಕ್ಟರರು ಹೇಳಿದ ಹಾಗೆ, ಸತ್ತವರನ್ನು ಬಿಟ್ಟು. ಜನ ಚಪ್ಪಾಳೆ ತಟ್ಟಿದರು.

ಆ ಸದ್ದಿಗೆ ಕೂಸು ಎದ್ದಿತು.

ಮೊದಲು ಮುಲುಗಿತು. ಆಮೇಲೆ ಬಾಯಿ ತಿರುಗಿಸುತ್ತ ಉದ್ದವ್ವನ ಕುಪ್ಪಸಕ್ಕೆ ಹತ್ತಿತು. ಬಟ್ಟೆಯ ಮೇಲಿಂದಲೇ ಬತ್ತಿದ ಮೊಲೆಯನ್ನು ಚೀಪಿತು. ಏನೂ ಸಿಗದೆ ಚೀರಿತು. ಉದ್ದವ್ವನ ಮೈಯಲ್ಲಿ ನಾಲ್ಕು ತಿಂಗಳಿಂದ ಏನೂ ಅಲುಗಾಡಿರಲಿಲ್ಲ. ಈಗ ಎದೆಯ ಹತ್ತಿರ ಒದ್ದೆಯಾಗಿತ್ತು, ಕೂಸಿನ ಬಾಯಿಯ ಒದ್ದೆ. ಹಿಂದಿನ ಸಾಲಿನಲ್ಲಿ ವಿಜಯಲಕ್ಷ್ಮಿ ಎದ್ದು ನಿಂತಿದ್ದಳು. ಅವಳ ಕುಪ್ಪಸವೂ ಹಾಲಿಗೆ ಒದ್ದೆಯಾಗಿತ್ತು. ಡಾಕ್ಟರರು ಕೂತುಕೋ ಎಂದು ಅವಳಿಗೆ ಕೈ ಮಾಡಿದರು.

ಅಷ್ಟರಲ್ಲಿ ಹತ್ತನೇ ಹೆಸರು ಪರದೆಗೆ ಬಂತು. ಡೆಲ್ಲಿಯವಳು ಹತ್ತಿರ ಬಂದು ಕೂಸಿನ ಗಲ್ಲ ಮುಟ್ಟಿದಳು, ಏನೋ ಕೇಳಿದಳು. ಸಾಹೇಬರು ಕನ್ನಡ ಮಾಡಿದರು: ಕೂಸಿನ ತಾಯಿ ಎಲ್ಲಿದ್ದಾಳೆ?

ಉದ್ದವ್ವ ಎದ್ದಳು. ಸಾಲುಗಳ ನಡುವೆ ಹಾದು ಹಿಂದಕ್ಕೆ ನಡೆದಳು. ಕಂಬಳಿಯನ್ನು ಬಿಚ್ಚಿ ಕೆಳಗೆ ಬಿಟ್ಟಳು. ಬರಿಗೈಯಲ್ಲಿ, ಬರೀ ಮೈಯ ಕೂಸನ್ನು ಎತ್ತಿ ವಿಜಯಲಕ್ಷ್ಮಿಯ ತೋಳಿಗೆ ಹಾಕಿದಳು.

"ತಗೋಳವಾ ನಿನ್ನ ಕೂಸು," ಎಂದಳು. "ಹಸದೈತಿ."

ವಿಜಯಲಕ್ಷ್ಮಿ ಅಲ್ಲೇ ನೆಲದ ಮೇಲೆ ಕೂತು ಮೊಲೆಗೆ ಹಾಕಿಕೊಂಡಳು. ಕೂಸು ಸುಮ್ಮನಾಯಿತು. ಉದ್ದವ್ವ ತಿರುಗಿ ಬಂದು ಹತ್ತನೇ ಖುರ್ಚಿಯ ಹಿಂದೆ ನಿಂತಳು, ಕೂಡಲಿಲ್ಲ. ಖುರ್ಚಿಯ ಬೆನ್ನಿಗೆ ಎರಡೂ ಕೈ ಇಟ್ಟಳು.

"ಇದು ಕೆಂಪವ್ವನ ಖುರ್ಚಿ. ಆಕಿ ಸತ್ತಾಳ. ನಾ ಇದರಾಗ ಕೂಡಂಗಿಲ್ಲ."

ಸಾಹೇಬರು ನಗುತ್ತ ಹಿಂದಿಯಲ್ಲಿ ಏನೋ ಹೇಳಿದರು. ಹಳ್ಳಿ ಹೆಂಗಸು, ಗಾಬರಿಯಾಗಿದ್ದಾಳೆ, ಹೀಗೇ ಏನೋ. ಆದರೆ ಅತ್ತ ಕೂಸು ತಾಯಿಗೆ ಹತ್ತಿದ್ದನ್ನು ಡೆಲ್ಲಿಯವಳು ಕಣ್ಣಾರೆ ಕಂಡಿದ್ದಳು. ಅದಕ್ಕೆ ಭಾಷೆ ಬೇಕಿರಲಿಲ್ಲ. ಅವಳು ಸಾಹೇಬರನ್ನು ಬಿಟ್ಟು ಕಂಪ್ಯೂಟರಿನ ಮುಂದಿದ್ದ ಹುಡುಗಿಯತ್ತ ನೋಡಿದಳು.

ಶುಭಾಂಗಿಯ ಕಂತ್ರಾಟು ಮುಗಿಯಲು ಎರಡು ತಿಂಗಳಿತ್ತು. ಅವಳು ಎದ್ದು ನಿಂತು, ಸತ್ತುಹೋದಳು ಎಂದು ಹಿಂದಿಯಲ್ಲಿ ಹೇಳಿದಳು, "ಮರ್ ಗಯೀ ಮೇಡಮ್." ಆಮೇಲೆ ಉಳಿದದ್ದನ್ನೂ ಹೇಳಿದಳು. ಕೆಂಪು ಬಣ್ಣ, ಒಂದು ಗಂಡು ಒಂದು ಹೆಣ್ಣು, ಎರಡೂವರೆ ಕಿಲೋ.

ಡೆಲ್ಲಿಯವಳು ಬಹಳ ಹೊತ್ತು ಪುಸ್ತಕದಲ್ಲಿ ಬರೆದುಕೊಂಡಳು. ಒಳ್ಳೆಯವಳೇ ಇರಬೇಕು, ಕಣ್ಣು ಒರೆಸಿಕೊಂಡಳು. ಈ ತಾಯಿಯಿಂದ ನಾವು ದೊಡ್ಡ ಪಾಠ ಕಲಿತೆವು ಎಂದಳು. ಸತ್ತವರನ್ನು ತೋರಿಸಲು ಕಂಪ್ಯೂಟರಿನಲ್ಲಿ ಒಂದು ಕಾಲಂ ಬೇಕು, ದೇಶದ ನೀತಿಯಲ್ಲಿ ಅದನ್ನು ಬರೆಸುತ್ತೇನೆ ಎಂದಳು. ಎಲ್ಲರೂ ಹೌದು ಹೌದು ಎಂದರು. ಡಾಕ್ಟರರೂ ಹೌದು ಎಂದರು. ಒಂದು ಕಾಲಂ ಸಿಕ್ಕರೆ ಎಲ್ಲರ ತಲೆಯ ಮೇಲಿನ ಭಾರ ಇಳಿಯುತ್ತಿತ್ತು. ಹೊರಗೆ ಉಪ್ಪಿಟ್ಟು, ಚಹಾ ತಯಾರಿತ್ತು.

"ನನ್ನ ಮಗಳದು ಈಗ ಬರೀರಿ," ಎಂದಳು ಉದ್ದವ್ವ.

ಈಗ ಆಗುವುದಿಲ್ಲ, ಕಾಲಂ ಬಂದ ಮೇಲೆ ಎಂದು ಸಾಹೇಬರು ಹೇಳಿದರು. ಎಷ್ಟು ದಿನಕ್ಕೆ ಎಂದು ಕೇಳಿದರೆ, ನೀತಿ ಆಗಬೇಕು, ಮಂಜೂರಾಗಬೇಕು, ಎರಡು ಮೂರು ವರ್ಷ ಎಂದರು. ಉದ್ದವ್ವ ಖುರ್ಚಿಯಿಂದ ಕೈ ತೆಗೆಯಲಿಲ್ಲ. ಡಾಕ್ಟರರು ಪಕ್ಕಕ್ಕೆ ಬಂದು ಸಣ್ಣ ದನಿಯಲ್ಲಿ ಫೈಲಿನ ಮಾತು ತೆಗೆದರು. ಆ ಮಾತು ಅವಳಿಗೆ ಕೇಳಿಸಿತು. ಕಾಯಂ ಇನ್ನು ಆಗುವುದಿಲ್ಲ ಎನ್ನುವುದೂ ಗೊತ್ತಾಯಿತು. ಗೊತ್ತಾದದ್ದು ಎಲ್ಲೂ ನೋಯಲಿಲ್ಲ.

ಬಾಗಿಲ ತನಕ ಹೋಗಿದ್ದ ಡೆಲ್ಲಿಯವಳು ತಿರುಗಿ ನಿಂತು ಏನೋ ಕೇಳಿದಳು. ಡಾಕ್ಟರರು ಚಟ್ಟನೆ ಉತ್ತರ ಕೊಟ್ಟರು.

"ಏನ್ ಕೇಳಿದ್ರು ಅಕ್ಕಾರ?" ಎಂದು ಉದ್ದವ್ವ ಶುಭಾಂಗಿಯನ್ನು ಕೇಳಿದಳು.

"ಹಿಂಗ ಆಗಿದ್ದು ಇದೊಂದ ಏನು ಅಂತ ಕೇಳಿದ್ರು. ಡಾಕ್ಟರ್ ಸಾಹೇಬ್ರು, ಹೌದು ಇದೊಂದ ಅಂದ್ರು."

ಉದ್ದವ್ವ ಖುರ್ಚಿಯಿಂದ ಎಡಗೈ ತೆಗೆದಳು. ಅಂಗೈ ಮೇಲೆ ಮಾಡಿದಳು. ಕಿರುಬೆರಳಿನ ಮೊದಲ ಗೆಣ್ಣಿನ ಮೇಲೆ ಹೆಬ್ಬೆರಳು ಇಟ್ಟಳು.

"ಅದರಾಗ ಜಾಗಾ ಇಲ್ಲಂದ್ರ ಪೆನ್ನ ತಗೋರಿ," ಎಂದಳು. "ಬರ್ಕೋರಿ."

ಶುಭಾಂಗಿ ತೂತಿನ ಅಂಚಿನ ಕಾಗದ ಮಗುಚಿ ಹಾಕಿ, ಖಾಲಿ ಬೆನ್ನಿನ ಮೇಲೆ ಪೆನ್ನು ಇಟ್ಟಳು.

"ಹನಮವ್ವ. ಅಲ್ಲಪ್ಪನ ಹೇಂತಿ. ಕಾರಹುಣ್ಣಿವಿ ಮರುದಿನ. ರಕ್ತ ಹೋತು."

ಹೆಬ್ಬೆರಳು ಎರಡನೇ ಗೆಣ್ಣಿಗೆ ಬಂತು. "ಆಕಿ ಕೂಸು. ಹೆಣ್ಣು. ಮೂರು ದಿನ ಇತ್ತು."

ಮೂರನೆಯದು ಕಬ್ಬು ಕಡಿಯಲು ಬಂದವರ ಪೈಕಿ ಒಬ್ಬಳು, ಬಾಳವ್ವ, ಊರು ಗೊತ್ತಿಲ್ಲ, ಹಂಗ ಬರ್ಕೋರಿ ಎಂದಳು. ನಾಲ್ಕನೆಯದು ಕುರುಬರ ಸಿದ್ರಾಯನ ತಂಗಿ, ಪಿಟ್ಸು ಬಂದು ಹೋದವಳು. ಹಿಂದಿನ ಸಾಲಿನಿಂದ ವಿಜಯಲಕ್ಷ್ಮಿ, ಹೌದು, ಹೌದು ಎಂದಳು. ಪರದೆಯ ಮೇಲಿನ ಸೊನ್ನೆಗಳು ಹಾಗೇ ಇದ್ದವು. ಪರದೆ ಆರಿಸಿರಿ ಎಂದು ಸಾಹೇಬರು ಯಾರಿಗೋ ಹೇಳಿದರು. ಬಾಗಿಲಲ್ಲಿದ್ದ ಡೆಲ್ಲಿಯವಳು ಚಹಾಕ್ಕೆ ಹೋಗದೆ ನಿಂತಿದ್ದಳು.

ಐದನೇ ಗೆಣ್ಣು.

"ಕೆಂಪವ್ವ. ಶಿದ್ರಾಮನ ಹೇಂತಿ. ಗೋಕಾಕದ ದಾರ್‍ಯಾಗ, ಟೆಂಪೋದಾಗ. ರಕ್ತ ಹೋತು."

ದನಿ ಏರಲಿಲ್ಲ, ಇಳಿಯಲಿಲ್ಲ. ಹೆಬ್ಬೆರಳು ಆರಕ್ಕೆ ಬಂತು.

"ಆಕಿ ಕೂಸು. ಒಂದ ಕೂಸು, ಗಂಡು. ಹೆಸರಿಟ್ಟಿಲ್ಲ." ಶುಭಾಂಗಿ ಬರೆದು ಮುಗಿಸುವವರೆಗೆ ಕಾದಳು. "ಓದ್ರಿ ಒಮ್ಮೆ."

ಶುಭಾಂಗಿ ಓದಿದಳು. ಉದ್ದವ್ವ ಕೇಳಿಸಿಕೊಂಡು, ಏಳನೇ ಗೆಣ್ಣಿಗೆ ಹೋದಳು.